ರಸೀದಿ ಇಲ್ಲದ 50 ಕಿಲೋ ಚಿನ್ನ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ರೋಮ್ ಪ್ರವಾಸದ ಬಗ್ಗೆ ಒಂದು ಪುಟದ ಲೇಖನ ಬಂದಿತ್ತು. ಪೂರ್ತಿ ಓದಿದೆ. ಕೊಲೋಸಿಯಂ, ವ್ಯಾಟಿಕನ್, ಬೆನ್ನು ತಿರುಗಿಸಿ ಕಾಸು ಎಸೆಯುವ ಟ್ರೆವಿ ಕಾರಂಜಿ, ಎಲ್ಲ ಇತ್ತು. ಕೊನೆಯಲ್ಲಿ ಒಂದೇ ಸಾಲು: ಹಳೆಯ ಯಹೂದಿ ಕೇರಿಗೆ ಹೋದರೆ ಕರಿದ ಆರ್ಟಿಚೋಕ್ ತಿನ್ನಲು ಮರೆಯಬೇಡಿ. (ಆರ್ಟಿಚೋಕ್ ಅಂದರೆ ದಪ್ಪ ಎಸಳಿನ ದೊಡ್ಡ ಮೊಗ್ಗಿನಂಥ ಒಂದು ತರಕಾರಿ.) ಈ ಪತ್ರ ಆ ಒಂದು ಸಾಲಿನ ಬಗ್ಗೆ.

ಲೇಖಕರ ಮೇಲೆ ನನಗೇನೂ ಸಿಟ್ಟಿಲ್ಲ. ಆ ಓಣಿಯಲ್ಲಿ ಈಗ ಸಾಲಾಗಿ ಹೋಟೆಲುಗಳೇ ಇವೆ, ತಿಂದು ಹೋಗುವವರೇ ಜಾಸ್ತಿ. ನಾವೂ ತಿಂದೆವು. ಇಡೀ ಆರ್ಟಿಚೋಕನ್ನು ಎರಡು ಸಲ ಕರಿದು ಹೂವಿನ ಹಾಗೆ ಅರಳಿಸಿ ಕೊಡುತ್ತಾರೆ, ಹೊರಗಿನ ಎಸಳುಗಳು ಹಪ್ಪಳದ ಹಾಗೆ ಗರಿಗರಿ. ಉಪ್ಪು ಖಾರ ಇನ್ನೊಂದಿಷ್ಟು ಬೇಕಿತ್ತು ಅನ್ನಿಸಿತು, ಅದು ಬೇರೆ ಮಾತು. ಆದರೆ ನಾನು ಅಲ್ಲಿಂದ ಬಂದು ಆರು ತಿಂಗಳಾಯಿತು, ನೆನಪಿಗೆ ಬರುವುದು ಆರ್ಟಿಚೋಕ್ ಅಲ್ಲ, ಒಂದು ತಕ್ಕಡಿ. ನಾನು ಕಣ್ಣಾರೆ ನೋಡಿಯೂ ಇಲ್ಲದ ತಕ್ಕಡಿ.

ನಾನು ರಾಣೆಬೆನ್ನೂರಿನವಳು. ಬ್ಯಾಂಕಿನಲ್ಲಿ 31 ವರ್ಷ ಕೆಲಸ ಮಾಡಿದೆ. ಅದರಲ್ಲಿ 17 ವರ್ಷ ಒಡವೆ ಸಾಲದ ಕೌಂಟರಿನಲ್ಲೇ ಕಳೆದೆ. ನಮ್ಮ ಮನೆಯವರು ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ಇಬ್ಬರೂ ಕಳೆದ ಏಪ್ರಿಲ್‌ನಲ್ಲಿ ಒಂದು ಪ್ಯಾಕೇಜ್ ಟೂರಿನಲ್ಲಿ ಯುರೋಪ್‌ಗೆ ಹೋಗಿದ್ದೆವು. ಬಸ್ಸಿನಲ್ಲಿ 38 ಜನ, ಜೊತೆಗೆ ಅಡುಗೆಯವರೂ ಇದ್ದರು. ಮುದ್ರಿಸಿ ಕೊಟ್ಟ ಹಾಳೆಯಲ್ಲಿ ‘ಸಂಪೂರ್ಣ ರೋಮ್ ದರ್ಶನ’ ಅಂತ ಇತ್ತು. ಸಂಪೂರ್ಣ ಅಂದರೆ ಒಂದೂವರೆ ದಿನ! ಎರಡನೇ ದಿನ ಊಟ ಆದಮೇಲೆ ಪಿಯಾಜಾ ವೆನೆಜಿಯಾ ಅನ್ನುವ ದೊಡ್ಡ ಚೌಕದ ಹತ್ತಿರ ಇಳಿಸಿ, ಇನ್ನು ನಾಲ್ಕು ಗಂಟೆ ಫ್ರೀ ಟೈಮ್, ಶಾಪಿಂಗ್ ಮಾಡಿಕೊಳ್ಳಿ ಅಂದರು. ಬೆಂಗಳೂರಿನಲ್ಲಿರುವ ನಮ್ಮ ಮಗ ಇದನ್ನು ಮೊದಲೇ ನೋಡಿಕೊಂಡು, ಆ ಹೊತ್ತಿಗೆ ಸರಿಯಾಗಿ ಯಹೂದಿ ಓಣಿಯ ನಡಿಗೆ ಪ್ರವಾಸವೊಂದನ್ನು ಬುಕ್ ಮಾಡಿದ್ದ. ಅಲ್ಲಿಂದ ನಡೆದರೆ ಹತ್ತು ನಿಮಿಷ. ನನ್ನ ಮಂಡಿ ನೋವಿಗೆ ಹದಿನೈದಾಯಿತು.

ನಡಿಗೆಯಲ್ಲಿ ನಾವು ಒಂಬತ್ತು ಜನ. ಮಾರ್ಗದರ್ಶಿ ಐವತ್ತರ ಆಸುಪಾಸಿನ ಹೆಂಗಸು, ಅದೇ ಓಣಿಯಲ್ಲಿ ಹುಟ್ಟಿ ಬೆಳೆದವರು. ಶುರುವಾಗಿದ್ದು ಪೋರ್ತಿಕೊ ದೊತ್ತಾವಿಯಾ ಎಂಬ ಪಾಳು ಕಟ್ಟಡದಿಂದ. ರೋಮನ್ ಕಾಲದ ಕಂಬಗಳ ನಡುವೆ ಮಧ್ಯಯುಗದಲ್ಲಿ ಮೀನು ಮಾರುಕಟ್ಟೆ ನಡೆಯುತ್ತಿತ್ತಂತೆ. ಗೋಡೆಯಲ್ಲಿ ಒಂದು ಕಲ್ಲಿನ ಹಲಗೆ ಇದೆ. ಈ ಹಲಗೆಗಿಂತ ಉದ್ದದ ಮೀನು ಸಿಕ್ಕರೆ ಅದರ ತಲೆಯನ್ನು ಊರಿನ ಅಧಿಕಾರಿಗಳಿಗೆ ಕೊಡಬೇಕು ಅಂತ ಲ್ಯಾಟಿನ್‌ನಲ್ಲಿ ಬರೆದಿದೆ. ಮಾಮೂಲಿಯನ್ನು ಕಲ್ಲಿನಲ್ಲೇ ಕೆತ್ತಿಸಿಬಿಟ್ಟಿದ್ದಾರಲ್ಲ ಅಂತ ನಮ್ಮವರು ನಕ್ಕರು.

ರೋಮ್‌ನ ಯಹೂದಿಗಳು ನಿನ್ನೆ ಮೊನ್ನೆ ಬಂದವರಲ್ಲ. ಎರಡು ಸಾವಿರ ವರ್ಷಕ್ಕೂ ಹಿಂದಿನಿಂದ, ಅಂದರೆ ಕ್ರೈಸ್ತ ಧರ್ಮ ಹುಟ್ಟುವ ಮೊದಲಿನಿಂದ ಅಲ್ಲಿದ್ದಾರೆ. ಅಷ್ಟು ಹಳಬರನ್ನು 1555ರಲ್ಲಿ ನಾಲ್ಕನೇ ಪೌಲ್ ಎಂಬ ಪೋಪ್ ಟೈಬರ್ ನದಿಯ ದಂಡೆಯ ತಗ್ಗು ಜಾಗಕ್ಕೆ ಸೇರಿಸಿ ಸುತ್ತ ಗೋಡೆ ಕಟ್ಟಿಸಿದ. ಗೋಡೆಯ ಖರ್ಚೂ ಅವರದೇ. ರಾತ್ರಿಯಾದರೆ ಬಾಗಿಲಿಗೆ ಬೀಗ. ಹೊರಗೆ ಬಂದರೆ ಗಂಡಸರಿಗೆ ಹಳದಿ ಟೋಪಿ, ಹೆಂಗಸರಿಗೂ ಹಳದಿ ಗುರುತು. ಸ್ವಂತ ಮನೆ, ಜಮೀನು ಇಟ್ಟುಕೊಳ್ಳುವಂತಿಲ್ಲ. ಮಾಡಬಹುದಾದ ವ್ಯಾಪಾರವೆಂದರೆ ಹಳೆ ಬಟ್ಟೆಯದು. ನದಿಗೆ ನೆರೆ ಬಂದಾಗಲೆಲ್ಲ ಮೊದಲು ನೀರು ನುಗ್ಗುತ್ತಿದ್ದದ್ದು ಇವರ ಮನೆಗಳಿಗೇ. ಅದಕ್ಕೂ ಮೊದಲು, 1516ರಲ್ಲೇ, ವೆನಿಸ್‌ನಲ್ಲಿ ಹೀಗೆ ಒಂದು ಕಡೆ ಕೂಡಿಹಾಕಿದ್ದರು. ‘ಘೆಟ್ಟೊ’ ಅನ್ನುವ ಮಾತು ಅಲ್ಲಿಯದೇ.

ಇದನ್ನೆಲ್ಲ ಕೇಳುತ್ತ ನಿಂತಿದ್ದ ನಮ್ಮ ಮನೆಯವರು ನನ್ನ ಕಡೆ ತಿರುಗಿ, ‘ನಮ್ಮೂರ ಕೇರಿಗೆ ಗೋಡೆ ಇರಲಿಲ್ಲ, ಅಷ್ಟೇ’ ಅಂದರು. ಮಾರ್ಗದರ್ಶಿ ಏನೆಂದು ಕೇಳಿದರು. ಅವರಿಗೆ ಇಂಗ್ಲಿಷಿನಲ್ಲಿ ಹೇಗೆ ಹೇಳುವುದೋ ತಿಳಿಯಲಿಲ್ಲ, ಏನಿಲ್ಲ ಅಂದರು.

ಹತ್ತಿರದಲ್ಲೇ ಒಂದು ಪುಟ್ಟ ಚರ್ಚು. ಅದರ ಹೆಬ್ಬಾಗಿಲ ಮೇಲೆ ಹೀಬ್ರೂ ಮತ್ತು ಲ್ಯಾಟಿನ್ ಎರಡರಲ್ಲೂ ಬೈಬಲಿನ ಒಂದು ವಾಕ್ಯ ಬರೆದಿದೆ: ಮಾತು ಕೇಳದ ಜನರ ಕಡೆಗೆ ದಿನವಿಡೀ ಕೈಚಾಚಿದ್ದೇನೆ ಎಂಬ ಅರ್ಥದ್ದು. ಯೆಶಾಯ ಪ್ರವಾದಿಯ ಮಾತು ಅದು. ಯಹೂದಿಗಳದೇ ಗ್ರಂಥದ ಮಾತನ್ನು ಅವರಿಗೇ ಚುಚ್ಚಲು ಬಳಸಿದ್ದಾರೆ. ಅವರನ್ನು ಚರ್ಚಿನ ಉಪದೇಶಕ್ಕೆ ಬಲವಂತವಾಗಿ ಕೂರಿಸುತ್ತಿದ್ದರಂತೆ. ಇವರು ಕಿವಿಗೆ ಮೇಣ ಇಟ್ಟುಕೊಂಡು ಕೂರುತ್ತಿದ್ದರು ಅಂತ ಒಂದು ಕತೆಯಿದೆ. ಬೇಡದ ಮೀಟಿಂಗಿನಲ್ಲಿ ನಾವೂ ಹಾಗೇ ಕೂತಿದ್ದೇವೆ, ಮೇಣ ಇಲ್ಲದೆ.

ಇಡೀ ಕೇರಿಗೆ ಒಂದೇ ಪ್ರಾರ್ಥನಾ ಮಂದಿರ ಅಂತ ಕಾಯ್ದೆ ಇತ್ತು. ಆದರೆ ಸ್ಪೇನ್‌ನಿಂದ, ಸಿಸಿಲಿಯಿಂದ ಬಂದವರು ಸೇರಿ ಇವರಲ್ಲೇ ಐದು ಪಂಗಡ, ಐದು ಪದ್ಧತಿ. ಸರಿ, ಒಂದೇ ಕಟ್ಟಡದೊಳಗೆ ಐದು ಮಂದಿರ ಮಾಡಿಕೊಂಡರು. ಆ ಕಟ್ಟಡ ಈಗಿಲ್ಲ, ಚೌಕಕ್ಕೆ ಮಾತ್ರ ‘ಐದು ಮಂದಿರ’ ಎಂಬ ಹೆಸರು ಉಳಿದಿದೆ. 1870ರಲ್ಲಿ ಪೋಪ್‌ನ ಆಳ್ವಿಕೆ ಮುಗಿದ ಮೇಲೆ ಇವರಿಗೂ ಎಲ್ಲರಂತೆ ಹಕ್ಕು ಸಿಕ್ಕಿತು. ಹಳೆ ಮನೆಗಳನ್ನು ಕೆಡವಿ 1904ರಲ್ಲಿ ನದಿಯ ಪಕ್ಕ ದೊಡ್ಡ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ಕಟ್ಟಿದರು. ರೋಮ್ ಪೂರ್ತಿ ಗುಂಡನೆಯ ಗುಮ್ಮಟಗಳು. ಇವರದು ಮಾತ್ರ ಚೌಕ ಗುಮ್ಮಟ, ದೂರದಿಂದಲೇ ಬೇರೆ ಅಂತ ಗೊತ್ತಾಗಬೇಕು ಅಂತ.

ಸಿನಗಾಗ್‌ನ ಕೆಳಗೆ ಮ್ಯೂಸಿಯಂ ಇದೆ. ಅಲ್ಲಿ ನನಗೆ ತುಂಬ ಹಿಡಿಸಿದ್ದು ಬಟ್ಟೆಗಳು. ಹಳೆ ಬಟ್ಟೆ ವ್ಯಾಪಾರ ಬಿಟ್ಟರೆ ಬೇರೆ ದಾರಿ ಇಲ್ಲದವರು, ಶ್ರೀಮಂತರು ಬಿಟ್ಟ ರೇಷ್ಮೆ, ಜರಿ, ಮಖಮಲ್ಲನ್ನು ಬಿಡಿಸಿ ಜೋಡಿಸಿ ತಮ್ಮ ಧರ್ಮಗ್ರಂಥದ ಸುರುಳಿಗಳಿಗೆ ಹೊದಿಕೆ ಹೊಲಿದಿದ್ದಾರೆ. ಹಳೆ ಸೀರೆಯಲ್ಲಿ ನಮ್ಮ ಅವ್ವ ಕೌದಿ ಹೊಲಿಯುತ್ತಿದ್ದದ್ದು ನೆನಪಾಗಿ ಅಲ್ಲೇ ನಿಂತುಬಿಟ್ಟೆ. ಗುಂಪು ಮುಂದೆ ಹೋಗಿತ್ತು, ಮಾರ್ಗದರ್ಶಿ ವಾಪಸ್ ಬಂದು ಕರೆದುಕೊಂಡು ಹೋದರು.

ಈಗ ತಕ್ಕಡಿಯ ವಿಷಯಕ್ಕೆ ಬರುತ್ತೇನೆ.

1943ರ ಸೆಪ್ಟೆಂಬರ್‌ನಲ್ಲಿ ಜರ್ಮನ್ನರು ರೋಮ್ ಹಿಡಿದರು. ಸೆಪ್ಟೆಂಬರ್ 26ರಂದು ಅಲ್ಲಿನ ನಾಜಿ ಪೊಲೀಸ್ ಮುಖ್ಯಸ್ಥ ಕಾಪ್ಲರ್ ಯಹೂದಿ ಸಮಾಜದ ಇಬ್ಬರು ಮುಖಂಡರನ್ನು ಕರೆಸಿದ. 36 ಗಂಟೆಯೊಳಗೆ 50 ಕಿಲೋ ಚಿನ್ನ ತಂದು ಕೊಡಿ, ಇಲ್ಲದಿದ್ದರೆ 200 ಜನರನ್ನು ಹಿಡಿದು ಗಡಿಪಾರು ಮಾಡುತ್ತೇನೆ ಅಂದ. ಈ ಸಿನಗಾಗ್ ಕಟ್ಟಡದಲ್ಲೇ ಮೇಜು ಹಾಕಿ ಕೂತು ಚಿನ್ನ ಕೂಡಿಸಿದರು. ಉಂಗುರ, ಸರ, ಓಲೆ ಹಿಡಿದು ಜನ ಬಂದರು. ಕ್ರೈಸ್ತರೂ ಬಂದು ಕೊಟ್ಟರು. ಕಡಿಮೆ ಬಿದ್ದರೆ ಸಾಲವಾಗಿ ಕೊಡುತ್ತೇವೆ ಅಂತ ವ್ಯಾಟಿಕನ್ ಹೇಳಿ ಕಳಿಸಿತು. ಅದರ ಅಗತ್ಯ ಬೀಳಲಿಲ್ಲ.

ಮಾರ್ಗದರ್ಶಿ ಹೇಳುತ್ತಿದ್ದಾಗ ನನ್ನ ತಲೆ ತಾನಾಗಿಯೇ ಲೆಕ್ಕ ಹಾಕಿತು. ಅಭ್ಯಾಸ ಅಲ್ವಾ. ಒಂದು ಸಾಧಾರಣ ಉಂಗುರ ನಾಲ್ಕು ಗ್ರಾಂ ಅಂತಿಟ್ಟುಕೊಳ್ಳಿ. 50 ಕಿಲೋಗೆ 12,500 ಉಂಗುರ ಬೇಕು. ಆಗ ರೋಮ್‌ನಲ್ಲಿದ್ದ ಯಹೂದಿಗಳೇ ಸುಮಾರು 12,000. ತೊಟ್ಟಿಲಿನ ಕೂಸೂ ಸೇರಿ ತಲೆಗೊಂದು ಉಂಗುರ.

ಸೆಪ್ಟೆಂಬರ್ 28ರಂದು ಅದನ್ನು ವಿಯಾ ತಾಸ್ಸೊ ಎಂಬ ಬೀದಿಯ ನಾಜಿ ಕಚೇರಿಗೆ ತೆಗೆದುಕೊಂಡು ಹೋದರು. ಅಲ್ಲಿದ್ದ ತಕ್ಕಡಿಯಲ್ಲಿ ಒಂದು ಸಲಕ್ಕೆ ಐದು ಕಿಲೋ ತೂಗಬಹುದಿತ್ತು. ಹತ್ತು ಸಲ ತೂಗಿದರು. ಆಗ ಅಲ್ಲಿದ್ದ ಅಧಿಕಾರಿ, ಒಂಬತ್ತೇ ಸಲ ಆಗಿದ್ದು, ಐದು ಕಿಲೋ ಕಡಿಮೆ ಇದೆ ಅಂದ. ಇವರು ಬಿಡಲಿಲ್ಲ, ವಾದಿಸಿದರು. ಮತ್ತೆ ಮೊದಲಿನಿಂದ ತೂಗಬೇಕಾಯಿತು. ಸರಿಯಾಗಿಯೇ ಇತ್ತು. ರಸೀದಿ ಕೇಳಿದರೆ ಕೊಡುವುದಿಲ್ಲ ಅಂದ.

ನಮ್ಮ ಕೌಂಟರಿನಲ್ಲಿ ಒಂದು ಜೊತೆ ಝುಮುಕಿ ಬಂದರೂ ತಂದವರ ಕಣ್ಣೆದುರೇ ತೂಗಬೇಕು. ಅಕ್ಕಸಾಲಿಗರು ಒರೆಗಲ್ಲಿಗೆ ಉಜ್ಜಿ ನೋಡಬೇಕು. ಹರಳಿನ ತೂಕ, ಅರಗಿನ ತೂಕ ಕಳೆಯಬೇಕು. ‘ಎಡ ಝುಮುಕಿಯ ಕೊಂಡಿ ಮುರಿದಿದೆ’ ಅಂತ ಅದನ್ನೂ ಬರೆಯಬೇಕು. ಆಮೇಲೆ ಚೀಲ, ಸೀಲು, ಸಹಿ, ರಸೀದಿ. ಒಮ್ಮೆ ಕಾಲು ಗ್ರಾಂ ವ್ಯತ್ಯಾಸಕ್ಕೆ ಒಬ್ಬ ಅಜ್ಜಿ ಬೋರಮಾಳ ಸರವನ್ನು ಮೂರು ಸಲ ತೂಗಿಸಿದ್ದರು. ತಪ್ಪು ನನ್ನದೇ ಆಗಿತ್ತು, ನಾನು ಬರೆದುಕೊಳ್ಳುವಾಗ ಅಂಕಿ ಹಿಂದುಮುಂದಾಗಿತ್ತು. ಬಿತ್ತನೆಗೆ, ಫೀಸಿಗೆ ಅಂತ ತಾಳಿಯ ಗುಂಡು ಬಿಚ್ಚಿ ಕೊಡುವ ಹೆಂಗಸಿನ ಮುಖ ನನಗೆ ಗೊತ್ತು. ರಸೀದಿಯನ್ನು ನಾಲ್ಕು ಮಡಿಕೆ ಮಾಡಿ ಎಲೆಯಡಿಕೆ ಚೀಲಕ್ಕೆ ಇಟ್ಟುಕೊಂಡ ಮೇಲೆಯೇ ಆ ಮುಖ ಸ್ವಲ್ಪ ಸಡಿಲವಾಗುವುದು.

ಚಿನ್ನ ಕೊಟ್ಟ ಮರುದಿನವೇ ನಾಜಿಗಳು ಸಿನಗಾಗ್‌ನ ಕಚೇರಿಗೆ ನುಗ್ಗಿ ದಾಖಲೆ ಪುಸ್ತಕಗಳನ್ನು ಹೊತ್ತುಕೊಂಡು ಹೋದರು. ಸರಿಯಾಗಿ 18 ದಿನಕ್ಕೆ, ಅಕ್ಟೋಬರ್ 16ರಂದು, ಶನಿವಾರ ನಸುಕಿನಲ್ಲಿ, ಮಳೆಯಲ್ಲಿ ಮನೆಮನೆಗೆ ಬಂದರು. ಕೈಗೆ ಒಂದು ಚೀಟಿ ಕೊಟ್ಟರು. ಎಂಟು ದಿನದ ಊಟ ಕಟ್ಟಿಕೊಳ್ಳಿ, ಕಾಯಿಲೆಯವರನ್ನೂ ಬಿಡುವಂತಿಲ್ಲ, ಮನೆಗೆ ಬೀಗ ಹಾಕಿ ಕೀಲಿಕೈ ಇಟ್ಟುಕೊಳ್ಳಿ, 20 ನಿಮಿಷ ಟೈಮ್. ಕೀಲಿಕೈ ಇಟ್ಟುಕೊಳ್ಳಿ ಅಂದರೆ ವಾಪಸ್ ಬರುತ್ತೇವೆ ಅಂತಲೇ ಅಲ್ಲವೇ ಅಂದುಕೊಳ್ಳುವುದು? ಅಂದು ಹಿಡಿದವರು 1,259 ಜನ. ಅವರಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನು ಔಶ್ವಿಟ್ಜ್ ಎಂಬ ನಾಜಿಗಳ ಸಾವಿನ ಶಿಬಿರಕ್ಕೆ ಸಾಗಿಸಿದರು. ತಿರುಗಿ ಬಂದವರು 16. ಅವರಲ್ಲಿ ಹೆಂಗಸು ಒಬ್ಬಳೇ. 200ಕ್ಕೂ ಹೆಚ್ಚು ಮಕ್ಕಳಿದ್ದರು, ಒಂದು ಮಗುವೂ ಬರಲಿಲ್ಲ.

ಆ ಓಣಿಯಲ್ಲಿ ನಡೆಯುವಾಗ ಕಾಲ ಕೆಳಗೆ ನೋಡಬೇಕು. ಕಲ್ಲು ಹಾಸಿನ ನಡುವೆ ಅಂಗೈಯಗಲದ ಹಿತ್ತಾಳೆ ಬಿಲ್ಲೆಗಳಿವೆ. ‘ಇಲ್ಲಿ ವಾಸವಾಗಿದ್ದರು’ ಅಂತ ಶುರುವಾಗಿ ಹೆಸರು, ಹುಟ್ಟಿದ ವರ್ಷ, ಹಿಡಿದ ದಿನ, ಕೊಂದ ಜಾಗ. ಗುಂಟರ್ ಡೆಮ್ನಿಗ್ ಎಂಬ ಜರ್ಮನ್ ಕಲಾವಿದ ಯುರೋಪಿನ ಎಷ್ಟೋ ಊರುಗಳಲ್ಲಿ ಹೀಗೆ ಕೂರಿಸಿದ್ದಾರೆ. ಒಂದು ಬಾಗಿಲ ಮುಂದೆ ಒಂದೇ ಮನೆಯವರ ಬಿಲ್ಲೆಗಳು ಒತ್ತಾಗಿ ಕೂತಿದ್ದವು. ಮೆಟ್ಟಬಾರದು ಅಂತ ನಾನು ಚಪ್ಪಲಿ ಕಾಲು ಹಿಂದೆ ತೆಗೆದೆ. ಪರವಾಗಿಲ್ಲ, ಮೆಟ್ಟಿದಷ್ಟೂ ಹೊಳೆಯುತ್ತವೆ ಅಂದರು ಮಾರ್ಗದರ್ಶಿ. ನನಗೆ ಆಗಲಿಲ್ಲ.

ಕೊನೆಗೆ ಹೊಳೆಯ ನಡುವಿನ ಪುಟ್ಟ ನಡುಗಡ್ಡೆಗೆ ಹೋದೆವು. ಕ್ರಿ.ಪೂ. 62ರಲ್ಲಿ ಕಟ್ಟಿದ ಸೇತುವೆಯ ಮೇಲೆ ಇವತ್ತಿಗೂ ಜನ ಓಡಾಡುತ್ತಾರೆ. ಅಲ್ಲಿನ ಆಸ್ಪತ್ರೆಯ ವೈದ್ಯರು ಆ ದಿನಗಳಲ್ಲಿ ‘ಕೆ ಕಾಯಿಲೆ’ ಅಂತ ಇಲ್ಲದ ರೋಗವೊಂದನ್ನು ಹುಟ್ಟಿಸಿ, ಭಾರಿ ಅಂಟುರೋಗ ಅಂತ ಹೆದರಿಸಿ, ಯಹೂದಿಗಳನ್ನು ವಾರ್ಡಿನಲ್ಲಿ ಬಚ್ಚಿಟ್ಟಿದ್ದರಂತೆ. ಕಾಪ್ಲರ್‌ನ ಹೆಸರಿನ ‘ಕೆ’ ಇರಬೇಕು ಅನ್ನುತ್ತಾರೆ. ಇಡೀ ಮಧ್ಯಾಹ್ನದಲ್ಲಿ ನಮ್ಮ ಗುಂಪು ಮನಸ್ಸು ಬಿಚ್ಚಿ ನಕ್ಕಿದ್ದು ಅಲ್ಲಿ ಮಾತ್ರ.

ಬಸ್ಸಿಗೆ ವಾಪಸ್ ಬಂದಾಗ ಉಳಿದವರೆಲ್ಲ ಫ್ರಿಜ್ ಮ್ಯಾಗ್ನೆಟ್, ಬೆಲ್ಟು, ಪರ್ಸು ತೋರಿಸುತ್ತಿದ್ದರು. ನೀವೇನು ತಂದಿರಿ ಅಂತ ಕೇಳಿದರು. ನಾನು ಹೇಳಲು ಶುರು ಮಾಡಿದೆ. ಅಯ್ಯೋ, ನಮಗ್ಯಾಕೆ ಹೇಳಲಿಲ್ಲ ಅಂದವರು ಇಬ್ಬರಲ್ಲ, ಹತ್ತಾರು ಜನ. ಬೆಳಿಗ್ಗೆ ನಾವೆಲ್ಲ ಟೈಟಸ್ ಎಂಬ ರೋಮನ್ ಚಕ್ರವರ್ತಿಯ ಗೆಲುವಿನ ನೆನಪಿನ ಕಮಾನಿನ ಮುಂದೆ ಫೋಟೋ ತೆಗೆಸಿಕೊಂಡಿದ್ದೆವು. ಅದರ ಒಳಗೋಡೆಯಲ್ಲಿ ಸೈನಿಕರು ಏಳು ಕವಲಿನ ದೀಪ ಹೊತ್ತು ನಡೆಯುವ ಕೆತ್ತನೆ ಇದೆ. ಅದು ಕ್ರಿ.ಶ. 70ರಲ್ಲಿ ಜೆರುಸಲೇಮಿನ ದೇವಾಲಯ ಲೂಟಿ ಮಾಡಿ ತಂದದ್ದು, ರೋಮ್‌ನ ಯಹೂದಿಗಳು ಆ ಕಮಾನಿನ ಕೆಳಗೆ ಕಾಲಿಡುತ್ತಿರಲಿಲ್ಲ ಅಂತ ನಮ್ಮ ಟೂರಿನವರು ಒಂದು ಮಾತು ಹೇಳಲಿಲ್ಲ. ಹೇಳಲು ಒಂದು ನಿಮಿಷ ಸಾಕಿತ್ತು.

ಹಾಗಾಗಿ ನಿಮ್ಮ ಪತ್ರಿಕೆಯ ಮೂಲಕ ಟೂರ್ ನಡೆಸುವ ನಮ್ಮವರಿಗೆ ಕೇಳುವುದಿಷ್ಟೇ. ಆ ನಾಲ್ಕು ಗಂಟೆಯ ಫ್ರೀ ಟೈಮ್‌ನಲ್ಲಿ ಎರಡು ಗಂಟೆಯನ್ನು ಇದಕ್ಕೆ ಕೊಡಿ. ಬಸ್ಸು ಬೇಡ, ನಡೆದೇ ಹೋಗಬಹುದು. ಬೇಡವಾದವರು ಅಂಗಡಿಗೆ ಹೋಗಲಿ. ಹೋಗುವವರಿಗೆ ಒಂದೆರಡು ಮಾತು: ಶನಿವಾರ ಅವರ ವಿಶ್ರಾಂತಿಯ ದಿನ, ಮ್ಯೂಸಿಯಂ ಮುಚ್ಚಿರುತ್ತದೆ. ಅಲ್ಲಿನ ಟಿಕೆಟ್‌ನಲ್ಲೇ ಸಿನಗಾಗ್ ಕೂಡ ತೋರಿಸುತ್ತಾರೆ. ಬಾಗಿಲಲ್ಲಿ ಬ್ಯಾಗು ತಪಾಸಣೆ ಇದೆ, ಹೊರಗೆ ಬಂದೂಕು ಹಿಡಿದ ಕಾವಲಿನವರಿದ್ದಾರೆ, ಗಾಬರಿಯಾಗಬೇಡಿ. 1982ರಲ್ಲಿ ಅದೇ ಬಾಗಿಲಲ್ಲಿ ಉಗ್ರರ ದಾಳಿಗೆ ಎರಡು ವರ್ಷದ ಮಗು ಸತ್ತಿದೆ. ಕಲ್ಲು ಹಾಸಿನ ಓಣಿ, ಮಂಡಿ ನೋವಿದ್ದವರು ದಪ್ಪ ಅಟ್ಟೆಯ ಶೂ ಹಾಕಿಕೊಳ್ಳಿ. ನಾನು ಚಪ್ಪಲಿಯಲ್ಲಿ ಹೋಗಿ ಒದ್ದಾಡಿದೆ.

ಇತಿ,
ಒಬ್ಬ ನಿವೃತ್ತ ಬ್ಯಾಂಕ್ ಉದ್ಯೋಗಿ, ರಾಣೆಬೆನ್ನೂರು