ಮಗುವಿನ ಅಲರ್ಜಿ ಟೆಸ್ಟ್: ಪ್ಯಾಕೇಜ್ ನಂಬಿ ಕೆಟ್ಟೆವು

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರ ನಿಮ್ಮ ಪತ್ರಿಕೆಯ ಒಳಪುಟದಲ್ಲಿ ಒಂದು ಜಾಹೀರಾತು ನೋಡಿದೆ. ಮನೆಗೇ ಬಂದು ರಕ್ತ ತಗೊಂಡು ಹೋಗುತ್ತಾರಂತೆ, ಇನ್ನೂರಕ್ಕೂ ಜಾಸ್ತಿ ಆಹಾರಗಳಲ್ಲಿ ನಿಮ್ಮ ಮಗುವಿಗೆ ಯಾವುದು ಆಗಿಬರಲ್ಲ ಅಂತ ಹೇಳುತ್ತಾರಂತೆ, ಹಬ್ಬದ ರಿಯಾಯಿತಿ ಬೇರೆ. ನೋಡಿದ ಕೂಡಲೇ ಈ ಪತ್ರ ಬರೆಯಲು ಕೂತೆ. ಇಂಥದ್ದೇ ಒಂದು ಪ್ಯಾಕೇಜಿಗೆ ಹೋದ ವರ್ಷ 7,500 ರೂಪಾಯಿ ಕೊಟ್ಟು, ಮಗಳನ್ನು ಮೂರು ತಿಂಗಳು ಅರೆಹೊಟ್ಟೆಯಲ್ಲಿ ಇಟ್ಟವರು ನಾವು.

ನಮ್ಮದು ಚಳ್ಳಕೆರೆ. ಶೇಂಗಾ ಊರು, ಎಣ್ಣೆ ಮಿಲ್ಲುಗಳ ಊರು. ಬೆಳಿಗ್ಗೆ ದೋಸೆಗೆ ಶೇಂಗಾ ಚಟ್ನಿ, ಮಧ್ಯಾಹ್ನದ ಪಲ್ಯಕ್ಕೆ ಹುರಿದು ಕುಟ್ಟಿದ ಶೇಂಗಾ ಪುಡಿ, ಸಂಜೆ ಮಂಡಕ್ಕಿ ಒಗ್ಗರಣೆ ಹಾಕಿದರೆ ಅದರ ತುಂಬ ಶೇಂಗಾ, ಹಬ್ಬ ಬಂದರೆ ಶೇಂಗಾ ಹೋಳಿಗೆ. ಮಗಳಿಗೆ ನಾಲ್ಕು ತಿಂಗಳಿದ್ದಾಗಿಂದಲೇ ಕೆನ್ನೆ ಮೇಲೆ, ಮೊಣಕೈ ಮಡಿಕೆಯಲ್ಲಿ ಚರ್ಮ ಒಣಗಿ ಕೆಂಪಾಗಿ ಕೆರೆತ ಇತ್ತು. ನಮ್ಮತ್ತೆ ‘ನಂಜು’ ಅಂದರು. ಬದನೆಕಾಯಿ ಬಿಡು ಅಂತ ನನಗೇ ಪಥ್ಯ ಹೇಳಿದರು, ಬಿಟ್ಟೆ. ಮಗುವಿಗೆ ಎರಡು ವರ್ಷ ಆಗುವವರೆಗೆ ಶೇಂಗಾ, ಮೊಟ್ಟೆ ಯಾವುದೂ ಬೇಡ ಅಂತ ಮನೆಯಲ್ಲೇ ತೀರ್ಮಾನವೂ ಆಯಿತು. ಅತ್ತೆಯನ್ನು ದೂರುತ್ತಿಲ್ಲ, ನಾನೂ ಹೂಂ ಅಂದವಳೇ.

ಒಂದು ವರ್ಷ ಎಂಟು ತಿಂಗಳಿದ್ದಾಗ ಒಂದು ದಿನ ನನ್ನ ತಟ್ಟೆಯಿಂದ ದೋಸೆ ಚೂರು ತಗೊಂಡು ಚಟ್ನಿಗೆ ಅದ್ದಿ ಬಾಯಿಗಿಟ್ಟುಕೊಂಡಳು. ಹತ್ತು ನಿಮಿಷ ಆಗಿರಬಹುದು. ತುಟಿ ಊದಿತು, ಮುಖ ಕುತ್ತಿಗೆ ಎಲ್ಲ ಗಂಧೆ ಎದ್ದವು, ಎರಡು ಸಲ ವಾಂತಿ. ಹತ್ತಿರದ ಕ್ಲಿನಿಕ್ಕಿಗೆ ಎತ್ತಿಕೊಂಡು ಓಡಿದೆವು. ಅಲರ್ಜಿ ಇಂಜೆಕ್ಷನ್ ಅಂತ ಒಂದು ಹಾಕಿದರು, ಎರಡು ಗಂಟೆಯಲ್ಲಿ ಇಳಿಯಿತು. ‘ಏನೋ ಆಗಿಬಂದಿಲ್ಲ, ಟೆಸ್ಟ್ ಮಾಡಿಸಿ’ ಅಂದರು. ಯಾವ ಟೆಸ್ಟು, ಎಲ್ಲಿ ಅಂತ ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಗಂಡ ಮೊಬೈಲಿನಲ್ಲಿ ಹುಡುಕಿದರು, ಈ ಪ್ಯಾಕೇಜ್ ಸಿಕ್ಕಿತು. ಮಾರನೇ ದಿನ ಹುಡುಗ ಬಂದು ರಕ್ತ ತಗೊಂಡು ಹೋದ.

ರಿಪೋರ್ಟು ಹನ್ನೆರಡು ಪುಟ, ಬಣ್ಣಬಣ್ಣದ್ದು. 31 ಆಹಾರ ಕೆಂಪಿನಲ್ಲಿ. ಹಾಲು, ಮೊಸರು, ಗೋಧಿ, ಅಕ್ಕಿ, ತೊಗರಿಬೇಳೆ, ಬಾಳೆಹಣ್ಣು, ಟೊಮೆಟೊ... ಅವಳು ದಿನಾ ತಿನ್ನುವುದೆಲ್ಲ ಕೆಂಪು. ನಾವ್ಯಾರೂ ಕಣ್ಣಿಂದಲೂ ಕಾಣದ ಟ್ಯೂನಾ ಮೀನು, ಬ್ಲೂಬೆರಿ ಎಲ್ಲ ಹಸಿರು. ಆಗಲೇ ಅನುಮಾನ ಬರಬೇಕಿತ್ತು, ಅಲ್ವಾ? ಬರಲಿಲ್ಲ. ಶೇಂಗಾ ಎಲ್ಲಿತ್ತು ಗೊತ್ತಾ? ಹಳದಿಯಲ್ಲಿ. ‘ವಾರಕ್ಕೊಮ್ಮೆ ಕೊಡಬಹುದು’ ಅಂತ ಪಕ್ಕದಲ್ಲಿ ಬರೆದಿತ್ತು. ಅದನ್ನು ನಂಬಿ ಕೊಟ್ಟಿದ್ದರೆ ಏನಾಗುತ್ತಿತ್ತೋ. ತಟ್ಟೆಯ ಮುಂದೆ ನಡೆದದ್ದನ್ನು ಕಣ್ಣಾರೆ ಕಂಡಿದ್ದೆ, ಹಾಗಾಗಿ ಕೊಡಲಿಲ್ಲ.

ಆದರೆ ಕೆಂಪಿನಲ್ಲಿದ್ದದ್ದನ್ನೆಲ್ಲ ನಿಲ್ಲಿಸಿಬಿಟ್ಟೆವು. ಅನ್ನ ಇಲ್ಲ, ಬೇಳೆ ಇಲ್ಲ, ಹಾಲಿಲ್ಲ. ರಾಗಿ ಗಂಜಿ, ಸೇಬು, ಆಲೂಗಡ್ಡೆ, ಇಷ್ಟೇ. ಪಕ್ಕದ ಮನೆಯವರು ಹಸುವಿನ ಹಾಲು ಬೇಡವಾದರೆ ಮೇಕೆ ಹಾಲು ಕೊಡಿ ಅಂದರು, ಅದನ್ನು ಹುಡುಕಿಕೊಂಡು ಹಳ್ಳಿ ಸುತ್ತಿದೆವು. (ಹಸುವಿನ ಹಾಲಿಗೆ ನಿಜವಾಗಿ ಅಲರ್ಜಿ ಇರುವ ಮಕ್ಕಳಿಗೆ ಹೆಚ್ಚಿನಂಶ ಮೇಕೆ ಹಾಲೂ ಆಗಿಬರಲ್ಲ, ಎರಡರ ಪ್ರೋಟೀನೂ ಅಷ್ಟು ಹತ್ತಿರ ಇವೆ ಅಂತ ಆಮೇಲೆ ಗೊತ್ತಾಯಿತು.) ಮೂರು ತಿಂಗಳಿಗೆ ಅಂಗನವಾಡಿ ಟೀಚರ್ ತೂಕ ಹಾಕಿ, ‘ಏನಕ್ಕಾ ಇದು, 10.4 ಇದ್ದದ್ದು 9.6 ಆಗಿದೆ’ ಅಂತ ಕಾರ್ಡು ತೋರಿಸಿದರು. ಅಲ್ಲೇ ಕಣ್ಣಲ್ಲಿ ನೀರು ಬಂತು. ಇಷ್ಟಾದರೂ ಮೈ ಕೆರೆತ ಮಾತ್ರ ಹಾಗೇ ಇತ್ತು.

ದಾವಣಗೆರೆಯ ಒಬ್ಬ ಮಕ್ಕಳ ಡಾಕ್ಟರ ಹತ್ತಿರ ಹೋದಾಗ ಅವರು ರಿಪೋರ್ಟಿನ ಮೊದಲ ಪುಟ ನೋಡಿ ಬದಿಗಿಟ್ಟರು. ಆಮೇಲೆ ಇಪ್ಪತ್ತು ನಿಮಿಷ ಪ್ರಶ್ನೆಗಳೇ. ಏನು ತಿಂದಳು, ಎಷ್ಟು ತಿಂದಳು, ತಿಂದು ಎಷ್ಟು ನಿಮಿಷಕ್ಕೆ ಶುರುವಾಯಿತು, ಮೊದಲು ಎಲ್ಲಿ ಕಾಣಿಸಿತು, ಆವತ್ತು ಜ್ವರ ನೆಗಡಿ ಇತ್ತಾ, ಅದೇ ಪದಾರ್ಥ ಮುಂಚೆ ತಿಂದಿದ್ದಳಾ, ಅನ್ನ ಹಾಲು ತಿಂದಾಗ ಯಾವತ್ತಾದರೂ ಹೀಗಾಗಿತ್ತಾ? 7,500 ತಗೊಂಡವರು ಇದರಲ್ಲಿ ಒಂದನ್ನೂ ಕೇಳಿರಲಿಲ್ಲ.

ಅವರು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ನಾವು ಮಾಡಿಸಿದ್ದು ಐಜಿಜಿ ಟೆಸ್ಟ್. ಐಜಿಜಿ ಅಂದರೆ ರಕ್ತದಲ್ಲಿರುವ ಒಂದು ಬಗೆಯ ಪ್ರತಿಕಾಯ. ನಾವು ತಿನ್ನುವ ಆಹಾರಕ್ಕೆಲ್ಲ ಮೈಯಲ್ಲಿ ಐಜಿಜಿ ಹುಟ್ಟುವುದು ಮಾಮೂಲು. ಅದು ಜಾಸ್ತಿ ಇದೆ ಅಂದರೆ ಆ ಮಗು ಅದನ್ನು ತಿಂದಿದೆ ಅಂತ, ಅಷ್ಟೇ. ದಿನಾ ಅನ್ನ ತಿನ್ನುವ ಮಗುವಿಗೆ ಅಕ್ಕಿ ಕೆಂಪಾಗದೆ ಇನ್ನೇನಾಗುತ್ತದೆ? ಅಲರ್ಜಿ ಪತ್ತೆಗೆ ಈ ಟೆಸ್ಟ್ ಬಳಸಬೇಡಿ ಅಂತ ಯುರೋಪಿನ ಅಲರ್ಜಿ ತಜ್ಞರ ಸಂಸ್ಥೆ 2008ರಲ್ಲೇ ಹೇಳಿದೆ, ಕೆನಡಾದ ಸಂಸ್ಥೆ 2012ರಲ್ಲಿ ಹೇಳಿದೆ, ಅಮೆರಿಕದವರೂ ಹೇಳಿದ್ದಾರೆ. ಇಲ್ಲಿ ಮಾತ್ರ ಹಬ್ಬದ ರಿಯಾಯಿತಿಯಲ್ಲಿ ಮಾರಾಟ ಆಗುತ್ತಿದೆ. ಕೂದಲು ಕಳಿಸಿ ಅಲರ್ಜಿ ತಿಳಿಯಿರಿ ಅನ್ನುವವರೂ ಇದ್ದಾರೆ, ಅವರ ಬಗ್ಗೆ ಬರೆದು ಜಾಗ ಹಾಳು ಮಾಡುವುದಿಲ್ಲ.

ತಿಂದ ಕೆಲವೇ ನಿಮಿಷಕ್ಕೆ, ಹೆಚ್ಚೆಂದರೆ ಎರಡು ಗಂಟೆಯೊಳಗೆ ಆಗುವ ಅಲರ್ಜಿಗೆ ನೋಡಬೇಕಾದ್ದು ಐಜಿಇ ಅನ್ನುವ ಬೇರೆ ಬಗೆಯ ಪ್ರತಿಕಾಯ. ಅದಕ್ಕೆ ರಕ್ತ ಪರೀಕ್ಷೆ ಇದೆ, ಚರ್ಮದ ಮೇಲೆ ಚುಚ್ಚಿ ನೋಡುವ ಪ್ರಿಕ್ ಟೆಸ್ಟ್ ಇದೆ. ಎರಡನ್ನೂ ಅನುಮಾನ ಇರುವ ಪದಾರ್ಥಕ್ಕೆ ಮಾತ್ರ ಮಾಡಿಸಬೇಕು, ಸುಮ್ನೆ ಐವತ್ತಕ್ಕೆ ಮಾಡಿಸಿದರೆ ಇಲ್ಲದ ಅಲರ್ಜಿಯೂ ಕಾಣಿಸಿಕೊಳ್ಳುತ್ತದೆ. ಇದಕ್ಕೆ ನಮ್ಮ ರಾಜ್ಯದ್ದೇ ಲೆಕ್ಕ ಇದೆ. ಬೆಂಗಳೂರು, ಮೈಸೂರು ಭಾಗದ ದೊಡ್ಡವರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 26.5 ಪರ್ಸೆಂಟ್ ಜನಕ್ಕೆ ಯಾವುದಾದರೂ ಒಂದು ಆಹಾರಕ್ಕೆ ಐಜಿಇ ಪಾಸಿಟಿವ್ ಬಂದಿತ್ತು. ತಿಂದಾಗ ಏನಾಗುತ್ತದೆ ಅನ್ನುವುದನ್ನೂ ಸೇರಿಸಿ ನೋಡಿದರೆ ಅಲರ್ಜಿ ಇರಬಹುದು ಅನ್ನಿಸಿದ್ದು 1.2 ಪರ್ಸೆಂಟ್ ಜನಕ್ಕೆ. ಅಂದರೆ ಪಾಸಿಟಿವ್ ಬಂದ ಇಪ್ಪತ್ತು ಜನರಲ್ಲಿ ಸುಮಾರು ಒಬ್ಬರಿಗೆ! ಉಳಿದವರು ಆರಾಮಾಗಿ ತಿಂದುಕೊಂಡಿದ್ದಾರೆ. ನಮ್ಮತ್ತೆಯ ಬದನೆಕಾಯಿಯದ್ದೂ ಇದೇ ಕಥೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಬದನೆ ಅಲರ್ಜಿಯ ಬಗ್ಗೆಯೇ ಅಧ್ಯಯನ ಮಾಡಿದ್ದಾರೆ, ಅದು ಇರುವುದು ನಿಜ. ಹಾಗಂತ ಊರಿನ ಕೆರೆತಕ್ಕೆಲ್ಲ ಬದನೆಕಾಯಿ ಕಾರಣ ಅಂತಲ್ಲ.

ದಾವಣಗೆರೆ ಡಾಕ್ಟರು ಪ್ರಿಕ್ ಟೆಸ್ಟಿಗೆ ಬೆಂಗಳೂರಿಗೆ ಬರೆದುಕೊಟ್ಟರು. ಸುಮಾರು 200 ಕಿಲೋಮೀಟರ್. ಮಗು ಕಟ್ಟಿಕೊಂಡು ಬೆಳಗಿನ ಜಾವದ ಬಸ್ಸು ಹತ್ತಿ ಹೋದರೆ, ‘ಮೂರು ದಿನದಲ್ಲಿ ನೆಗಡಿ ಸಿರಪ್ ಏನಾದರೂ ಕೊಟ್ಟಿದ್ದೀರಾ?’ ಅಂದರು. ಕೊಟ್ಟಿದ್ದೆ. ಆ ಸಿರಪ್ಪಿನಲ್ಲಿ ಅಲರ್ಜಿ ತಡೆಯುವ ಔಷಧಿ ಇರುತ್ತದೆ, ಪ್ರಿಕ್ ಟೆಸ್ಟಿಗೆ ಸುಮಾರು ಒಂದು ವಾರ ಮೊದಲೇ ನಿಲ್ಲಿಸಿರಬೇಕು, ಇಲ್ಲದಿದ್ದರೆ ಇರುವ ಅಲರ್ಜಿಯೂ ಕಾಣಲ್ಲ. ಅಪಾಯಿಂಟ್‌ಮೆಂಟ್ ಕೊಟ್ಟವರು ಫೋನಿನಲ್ಲಿ ಈ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವತ್ತಿನ ಕೂಲಿ, ಬಸ್ ಚಾರ್ಜು ಎಲ್ಲ ನೀರಿಗೆ ಹೋಯಿತು. ಓದುತ್ತಿರುವ ತಂದೆತಾಯಿಯರು ದಯವಿಟ್ಟು ಮೊದಲೇ ಕೇಳಿಕೊಳ್ಳಿ.

ಎರಡನೇ ಸಲ ಟೆಸ್ಟ್ ಆಯಿತು. ಬೆನ್ನ ಮೇಲೆ ಪೆನ್ನಿನಲ್ಲಿ ಗುರುತು ಮಾಡಿ ಒಂದೊಂದು ಹನಿ ಇಟ್ಟು ಚಿಕ್ಕದಾಗಿ ಚುಚ್ಚುತ್ತಾರೆ, ರಕ್ತ ಬರುವುದಿಲ್ಲ. ಒಂದು ಹನಿ ಹಿಸ್ಟಮಿನ್, ಅಂದರೆ ಅಲರ್ಜಿ ಆದಾಗ ಮೈಯಲ್ಲಿ ಊತ ತರುವ ರಾಸಾಯನಿಕ, ಅದು ಊದಲೇಬೇಕು. ಒಂದು ಬರೀ ಉಪ್ಪುನೀರು, ಅದು ಊದಬಾರದು. ಇವೆರಡೂ ಸರಿ ಇದ್ದರೆ ಮಾತ್ರ ಉಳಿದದ್ದಕ್ಕೆ ಬೆಲೆ. ಹದಿನೈದು ಇಪ್ಪತ್ತು ನಿಮಿಷಕ್ಕೆ ಸ್ಕೇಲ್ ಇಟ್ಟು ಅಳೆದರು. 3 ಮಿಲಿಮೀಟರ್ ಅಥವಾ ಜಾಸ್ತಿ ಇದ್ದರೆ ಪಾಸಿಟಿವ್. ಶೇಂಗಾ 9, ಎಳ್ಳು 4, ಮೊಟ್ಟೆ 3. ಹಾಲು, ಗೋಧಿ ಸೊನ್ನೆ. ಅಕ್ಕಿ, ಬೇಳೆ ಟೆಸ್ಟ್ ಮಾಡಲೇ ಇಲ್ಲ, ‘ಹುಟ್ಟಿದಾಗಿಂದ ತಿಂದು ಏನೂ ಆಗದಿದ್ದದ್ದಕ್ಕೆ ಯಾಕಮ್ಮ ಟೆಸ್ಟು’ ಅಂದರು. ಆವತ್ತು ಸಂಜೆ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಅವಳು ಮೊಸರನ್ನ ತಿಂದ ರೀತಿ ನಾನು ಮರೆಯಲ್ಲ.

ಮೊಟ್ಟೆಯ ಅನುಮಾನ ತೀರಿಸಿದ್ದು ತಿನ್ನಿಸಿ ನೋಡುವ ಪರೀಕ್ಷೆ. ಇದಕ್ಕಿಂತ ನಂಬಬಹುದಾದ ಪರೀಕ್ಷೆ ಬೇರೆ ಇಲ್ಲವಂತೆ. ಆಸ್ಪತ್ರೆಯಲ್ಲೇ, ಔಷಧಿ ಪಕ್ಕದಲ್ಲಿಟ್ಟುಕೊಂಡು, ಬೇಯಿಸಿದ ಮೊಟ್ಟೆಯನ್ನು ಮೊದಲು ಸಾಸಿವೆಯಷ್ಟು, ಇಪ್ಪತ್ತು ಮೂವತ್ತು ನಿಮಿಷ ಬಿಟ್ಟು ಅದಕ್ಕಿಂತ ಸ್ವಲ್ಪ ಜಾಸ್ತಿ, ಹೀಗೆ ಏರಿಸುತ್ತ ಹೋಗಿ ಕೊನೆಗೆ ಎರಡು ಗಂಟೆ ಕೂರಿಸಿ ನೋಡಿದರು. ಏನೂ ಆಗಲಿಲ್ಲ. ಈಗ ಅಂಗನವಾಡಿಯಲ್ಲಿ ಮೊಟ್ಟೆ ತಿನ್ನುತ್ತಾಳೆ. ಒಮ್ಮೆ ರಿಯಾಕ್ಷನ್ ಆಗಿರುವ ಮಗುವಿಗೆ ಇದನ್ನು ಮನೆಯಲ್ಲಿ ಮಾಡಿ ನೋಡಲು ಮಾತ್ರ ಹೋಗಬೇಡಿ.

ಶೇಂಗಾ ಸಂಪೂರ್ಣ ಬಂದ್. ರಿಫೈನ್ಡ್ ಎಣ್ಣೆಯಲ್ಲಿ ಅಲರ್ಜಿ ತರುವ ಪ್ರೋಟೀನ್ ಬಹುತೇಕ ಹೋಗಿರುತ್ತದೆ, ಎಲ್ಲರೂ ಹೊಗಳುವ ಗಾಣದ ಎಣ್ಣೆಯಲ್ಲಿ ಉಳಿದಿರುತ್ತದೆ, ಹಾಗಾಗಿ ಗಾಣದ್ದು ಬೇಡ ಅಂದರು. ನಮ್ಮೂರಲ್ಲಿ ಇದನ್ನು ಹೇಳಿದರೆ ಜನ ನನ್ನನ್ನೇ ವಿಚಿತ್ರವಾಗಿ ನೋಡುತ್ತಾರೆ. ಐವರಲ್ಲಿ ಒಂದು ಮಗುವಿಗೆ ದೊಡ್ಡವರಾಗುತ್ತ ಶೇಂಗಾ ಅಲರ್ಜಿ ಹೋಗುತ್ತದಂತೆ, ನೋಡೋಣ. ಬೇಗ ತಿನ್ನಿಸದೆ ಇಟ್ಟದ್ದೇ ತಪ್ಪಾಯಿತಾ ಅಂತ ಕೇಳಿದೆ. ಡಾಕ್ಟರು ನೇರ ಉತ್ತರ ಕೊಡಲಿಲ್ಲ. ಲಂಡನ್ನಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದ ಬಗ್ಗೆ ಹೇಳಿದರು. ಕೆರೆತ ಜಾಸ್ತಿ ಇರುವ ಅಥವಾ ಮೊಟ್ಟೆ ಅಲರ್ಜಿ ಇರುವ 640 ಕೂಸುಗಳನ್ನು ತಗೊಂಡು, ಅರ್ಧದಷ್ಟು ಮಕ್ಕಳಿಗೆ 4ರಿಂದ 11 ತಿಂಗಳೊಳಗೇ ಶೇಂಗಾ ಕೊಡಲು ಶುರುಮಾಡಿದರಂತೆ. ಐದು ವರ್ಷ ಆದಾಗ ತಿಂದವರಲ್ಲಿ 3.2 ಪರ್ಸೆಂಟ್, ತಿನ್ನದವರಲ್ಲಿ 17.2 ಪರ್ಸೆಂಟ್ ಮಕ್ಕಳಿಗೆ ಶೇಂಗಾ ಅಲರ್ಜಿ. ಎರಡನೇ ಮಗುವಾದರೆ ಡಾಕ್ಟರನ್ನು ಕೇಳಿಕೊಂಡೇ ಬೇಗ ಶುರುಮಾಡುತ್ತೇವೆ, ಕಾಳಾಗಿ ಅಲ್ಲ, ನುಣ್ಣಗೆ ಅರೆದು.

ಇನ್ನು ನನ್ನ ಸಿಟ್ಟಿನ ಮಾತು. ತುಟಿ ಊದುವುದರ ಜೊತೆಗೆ ವಾಂತಿಯೂ ಆಯಿತಲ್ಲ, ಅದು ಅನಾಫಿಲ್ಯಾಕ್ಸಿಸ್, ಅಂದರೆ ಜೀವಕ್ಕೇ ಅಪಾಯ ತರಬಲ್ಲ ಅಲರ್ಜಿ, ಆವತ್ತು ಮೊದಲು ಹಾಕಬೇಕಿದ್ದದ್ದು ಅಡ್ರಿನಲಿನ್ ಇಂಜೆಕ್ಷನ್, ತೊಡೆಯ ಹೊರಭಾಗಕ್ಕೆ. ಹೊರದೇಶದಲ್ಲಿ ತಾಯಂದಿರು ಬ್ಯಾಗಿನಲ್ಲಿ ಇಟ್ಟುಕೊಳ್ಳುವ, ಅಡ್ರಿನಲಿನ್ ತುಂಬಿದ ರೆಡಿ ಪೆನ್ ನಮ್ಮ ಮೆಡಿಕಲ್ ಶಾಪುಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಡಾಕ್ಟರು ಅವಳ ತೂಕಕ್ಕೆ ಲೆಕ್ಕ ಹಾಕಿ ಚೀಟಿ ಬರೆದುಕೊಟ್ಟು, ಔಷಧಿಯ ಗಾಜಿನ ಆಂಪ್ಯೂಲ್ ಒಡೆದು ಸಣ್ಣ ಸಿರಿಂಜಿಗೆ ಎಳೆಯುವುದನ್ನು ನನ್ನ ಕೈಯಲ್ಲೇ ಮಾಡಿಸಿದರು. ಕೈ ನಡುಗಿತು. ಬರೀ ನೀರಿನಲ್ಲೇ ಎಷ್ಟು ಸಲ ಅಭ್ಯಾಸ ಮಾಡಿದ್ದೇನೋ ಲೆಕ್ಕವಿಲ್ಲ.

ಇಷ್ಟಕ್ಕೆಲ್ಲ ಚಿತ್ರದುರ್ಗದವರು, ಬಳ್ಳಾರಿಯವರು, ರಾಯಚೂರಿನವರು ಬೆಂಗಳೂರಿಗೇ ಹೋಗಬೇಕಾ? ಪ್ರಿಕ್ ಟೆಸ್ಟಿಗೆ ದೊಡ್ಡ ಮಷೀನು ಏನೂ ಬೇಡ. ಜಿಲ್ಲಾಸ್ಪತ್ರೆಯಲ್ಲಿ ತಿಂಗಳಿಗೆ ಎರಡು ದಿನ ಗೊತ್ತು ಮಾಡಿ, ತರಬೇತಾದ ಒಬ್ಬ ಡಾಕ್ಟರು ನರ್ಸು ಇದ್ದರೆ ಟೆಸ್ಟೂ ಆಗುತ್ತದೆ, ತಿನ್ನಿಸಿ ನೋಡುವುದೂ ಆಗುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಹೇಗೂ ಅಂಗನವಾಡಿಗೆ ಬರುತ್ತದೆ, ಏನಾದರೂ ತಿಂದ ಸ್ವಲ್ಪ ಹೊತ್ತಿಗೆ ಗಂಧೆ, ಊತ, ವಾಂತಿ ಆಗಿತ್ತಾ ಅಂತ ಒಂದು ಪ್ರಶ್ನೆ ಸೇರಿಸಲು ಏನು ಕಷ್ಟ? ಕ್ಷೀರಭಾಗ್ಯದ ಹಾಲು, ಮೊಟ್ಟೆ ಕೊಡುವ ಕಡೆ ಯಾವ ಮಗುವಿಗೆ ಯಾವುದು ಆಗಿಬರಲ್ಲ ಅಂತ ಗೋಡೆ ಮೇಲೆ ಒಂದು ಪಟ್ಟಿ ಇರಲಿ. ಲ್ಯಾಬಿನವರು ಐಜಿಜಿ ರಿಪೋರ್ಟಿನ ಮೊದಲ ಪುಟದಲ್ಲೇ ‘ಇದು ಅಲರ್ಜಿ ಪರೀಕ್ಷೆ ಅಲ್ಲ’ ಅಂತ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಹಾಕುವಂತೆ ಮಾಡಬೇಕು. ಇನ್ನೊಂದು, ಪ್ಯಾಕೆಟ್ ಮೇಲೆ ಅಲರ್ಜಿ ಪದಾರ್ಥ ಬರೆಯಬೇಕು ಅನ್ನುವ, ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2020ರ ನಿಯಮದ ಪಟ್ಟಿಯಲ್ಲಿ ಶೇಂಗಾ ಇದೆ, ಹಾಲು ಮೊಟ್ಟೆ ಸೋಯಾ ಇದೆ, ಎಳ್ಳು ಇಲ್ಲ. ಅಮೆರಿಕದಲ್ಲಿ 2023ರಿಂದ ಎಳ್ಳನ್ನೂ ಬರೆಯಲೇಬೇಕು. ನಮ್ಮ ಬೇಕರಿಯ ಬಿಡಿ ತಿಂಡಿಗಳಿಗಂತೂ ಚೀಟಿಯೇ ಇರುವುದಿಲ್ಲ, ಕೇಳಿದರೆ ‘ಏನೂ ಇಲ್ಲಮ್ಮ, ಕೊಡಿ’ ಅನ್ನುತ್ತಾರೆ.

ನಿಮ್ಮನ್ನೂ ಒಂದು ಕೇಳಬೇಕು ಸಾರ್. ಆ ಜಾಹೀರಾತನ್ನು ಹಾಕುವ ಮುಂಚೆ ಯಾರಾದರೂ ಒಬ್ಬ ಮಕ್ಕಳ ಡಾಕ್ಟರಿಗೆ ತೋರಿಸಿದ್ದಿರಾ?

ಎಳ್ಳಿನ ಲೆಕ್ಕ ಇನ್ನೂ ಬಾಕಿ ಇದೆ. ಡಿಸೆಂಬರಿನಲ್ಲಿ ಕರೆದಿದ್ದಾರೆ, ಆಸ್ಪತ್ರೆಯಲ್ಲಿ ತಿನ್ನಿಸಿ ನೋಡುತ್ತಾರೆ. ಪಾಸಾದರೆ ಸಂಕ್ರಾಂತಿಗೆ ಶೇಂಗಾ ಬಿಟ್ಟು ಎಳ್ಳುಬೆಲ್ಲ ಬೆರೆಸಿ ಅವಳ ಕೈಯಲ್ಲೇ ಬೀದಿಗೆಲ್ಲ ಹಂಚಿಸುತ್ತೇನೆ. ಆಗದಿದ್ದರೆ ಈ ವರ್ಷವೂ ಬರೀ ಸಕ್ಕರೆ ಅಚ್ಚು.

ಇಂತಿ,
ಒಬ್ಬ ತಾಯಿ, ಚಳ್ಳಕೆರೆ