ಕರಿ ತಿಗಣೆಗೆ ಮದ್ದು ಬಿಡುವ ಮೊದಲು ಪೈರಿನ ಬುಡ ನೋಡಿ

ಮಾನ್ಯ ಸಂಪಾದಕರೇ,

ಮೊನ್ನೆ ನಿಮ್ಮ ಸ್ಥಳೀಯ ಪುಟದಲ್ಲಿ ಬೀದಿದೀಪದ ಕೆಳಗೆ ‘ನಿಗೂಢ ಹುಳ’ಗಳ ರಾಶಿ ಅಂತ ಸುದ್ದಿ ಬಂದಿತ್ತು. ಫೋಟೋ ನೋಡಿದರೆ ನಿಗೂಢ ಏನೂ ಇಲ್ಲ, ಅದು ಭತ್ತದ ಕರಿ ತಿಗಣೆ. ನಮ್ಮ ಮಲಯಾಳಿ ನೆರೆಯವರು ಕರಿಂಚಾಳಿ ಅನ್ನುತ್ತಾರೆ, ಪುಸ್ತಕದಲ್ಲಿ ಸ್ಕೋಟಿನೋಫರಾ ಅಂತ ಇದೆ. ಹಾಸಿಗೆಯ ತಿಗಣೆಯಂತೆ ರಕ್ತ ಹೀರುವ ಜಾತಿ ಅಲ್ಲ. ಹಿಚುಕಿದರೆ ನಾತ ಬರುತ್ತದೆ, ಅಷ್ಟೇ.

ಸುದ್ದಿ ಓದಿ ನಮ್ಮ ಬೈಲಿನಲ್ಲಿ ಕೆಲವರು ಮದ್ದು ತರಲು ಪೇಟೆಗೆ ಹೊರಟೇ ಬಿಟ್ಟರು. ಅದಕ್ಕೇ ಈ ಪತ್ರ.

ಈ ಹುಳ ಹಗಲಲ್ಲಿ ಇರುವುದು ಪೈರಿನ ಬುಡದಲ್ಲಿ, ನೀರಿಗೆ ಸ್ವಲ್ಪ ಮೇಲೆ. ಹುಣಿಯಲ್ಲಿ, ಅಂದರೆ ಗದ್ದೆಯ ಬದುವಿನಲ್ಲಿ, ನಿಂತು ನೋಡಿದರೆ ಕಾಣುವುದಿಲ್ಲ, ಗದ್ದೆಗೆ ಇಳಿದು ಬುಡ ಬಿಡಿಸಿ ನೋಡಬೇಕು. ಉದ್ದ ಒಂದು ಸೆಂಟಿಮೀಟರಿಗೂ ಕಡಿಮೆ. ಬೆನ್ನ ಮೇಲಿನ ಗುರಾಣಿಯಂಥ ಚಿಪ್ಪು ಹೊಟ್ಟೆಯನ್ನೆಲ್ಲಾ ಮುಚ್ಚಿರುತ್ತದೆ. ತಲೆಯ ಕೆಳಗೆ ಮಡಚಿಟ್ಟ ಸೂಜಿಯಂಥ ಕೊಳವೆ ಇದೆ, ಅದನ್ನು ದಂಟಿಗೆ ಚುಚ್ಚಿ ರಸ ಹೀರುತ್ತದೆ. ಎಳೆ ಪೈರಾದರೆ ನಡುವಿನ ಸುಳಿ ಒಣಗುತ್ತದೆ, ತೆನೆ ಬರುವ ಹೊತ್ತಾದರೆ ತೆನೆ ಬೆಳ್ಳಗಾಗಿ ಜೊಳ್ಳು. ತೆನೆಯ ಹಾಲು ಹೀರುವ ಉದ್ದ ಮೈಯ ಹಸಿರು ತಿಗಣೆ ಬೇರೆ, ಇದು ಬೇರೆ. ಜನ ಎರಡನ್ನೂ ಒಂದೇ ಅಂದುಕೊಂಡು ಎರಡಕ್ಕೂ ತೆನೆಯ ಮೇಲೇ ಮದ್ದು ಬಿಡುತ್ತಾರೆ. ಮೇಲಿಂದ ಬಿಟ್ಟದ್ದು ಬುಡಕ್ಕೆ ಎಷ್ಟು ಇಳಿಯುತ್ತದೆ ಹೇಳಿ? ಸಾಯುವುದು ಜೇಡ, ಕಣಜ, ಕಪ್ಪೆ.

ಕಣಜ ಅಂದೆ, ಅದು ಮುಖ್ಯ. ಹೆಣ್ಣು ತಿಗಣೆ ಬುಡದ ಹತ್ತಿರ ಸಾಲುಸಾಲಾಗಿ ಮೊಟ್ಟೆ ಇಟ್ಟು ಅದರ ಮೇಲೇ ಕೂತು ಕಾಯುತ್ತದೆ, ಹುಳವಾದರೂ ತಾಯಿ ತಾಯಿಯೇ ಅಲ್ವಾ. ಆದರೆ ಟೆಲೆನೋಮಸ್ ಅನ್ನುವ ಕಣಜವಿದೆ, ಕಣ್ಣಿಗೆ ಬೀಳುವುದೇ ಕಷ್ಟ ಅಷ್ಟು ಚಿಕ್ಕದು. ಅದು ಕಾವಲು ತಪ್ಪಿಸಿ ತಿಗಣೆಯ ಮೊಟ್ಟೆಯೊಳಗೇ ತನ್ನ ಮೊಟ್ಟೆ ಇಡುತ್ತದೆ. ಆ ಮೊಟ್ಟೆಯಿಂದ ಮುಂದೆ ಹೊರಬರುವುದು ಕಣಜವೇ, ತಿಗಣೆ ಮರಿ ಅಲ್ಲ. ನಮಗೆ ಪುಕ್ಕಟೆ ಕೆಲಸ ಮಾಡಿಕೊಡುವ ಇದನ್ನೇ ದುಡ್ಡು ಕೊಟ್ಟು ಕೊಲ್ಲುತ್ತೇವೆ.

ಗೇರು ತೋಟಕ್ಕೆ ಆಕಾಶದಿಂದ ಸುರಿದ ಎಂಡೋಸಲ್ಫಾನ್ ಅನ್ನುವ ಕೀಟನಾಶಕದ ಫಲ ಇನ್ನೂ ಉಣ್ಣುತ್ತಿರುವ ಜಿಲ್ಲೆ ನಮ್ಮ ಕಾಸರಗೋಡು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶಕ್ಕೇ ನಿಷೇಧಿಸಿತು. ಎಣ್ಮಕಜೆಯ ಕಡೆಯ ಮನೆಗಳನ್ನು ಕಂಡವರಿಗೆ ಇದಕ್ಕಿಂತ ಜಾಸ್ತಿ ಹೇಳಬೇಕಾಗಿಲ್ಲ.

ಹಾಗಾದರೆ ಮಾಡುವುದೇನು? ಹುಳ ಕಂಡ ಶುರುವಿಗೇ ಎರಡು ಮೂರು ದಿನ ಗದ್ದೆಯಲ್ಲಿ ನೀರು ಏರಿಸಿ. ಕೆಳಗಿನ ಮೊಟ್ಟೆ ಹಾಳಾಗುತ್ತದೆ, ಹುಳ ಮೇಲೆ ಹತ್ತುತ್ತದೆ, ಆಗ ಬಾತುಕೋಳಿ ಇಳಿಸಿದರೆ ಹೆಕ್ಕಿ ತಿನ್ನುತ್ತವೆ. ಹುಣಿಯ ಹುಲ್ಲು ಹೆರೆಯಿರಿ, ಪೈರು ಇಲ್ಲದಾಗ ಇದು ಬದುಕುವುದು ಆ ಹುಲ್ಲಿನಲ್ಲೇ. ಏಣೆಲು, ಅಂದರೆ ಮಳೆಗಾಲದ ಬೆಳೆ, ಕೊಯ್ದ ಮೇಲೆ ಕೂಳೆಯನ್ನು ಸುಮ್ನೆ ಬಿಡದೆ ಉತ್ತುಬಿಡಿ. ಇನ್ನು ದೀಪ. ಇವು ಬೆಳಕಿಗೆ ಮುಗಿಬೀಳುವುದು ಹುಣ್ಣಿಮೆಯ ಆಸುಪಾಸಿನಲ್ಲಿ ಜಾಸ್ತಿ. ಹುಣ್ಣಿಮೆಗೆ ಐದು ದಿನ ಮೊದಲಿಂದ ಐದು ದಿನ ನಂತರದವರೆಗೆ ಗದ್ದೆ ಬದಿಯಲ್ಲಿ ಬಲ್ಬು ಉರಿಸಿ, ಕೆಳಗೆ ಸಾಬೂನು ನೀರಿನ ದೊಡ್ಡ ಬಾಣಲೆ ಇಟ್ಟರೆ ಮೊಟ್ಟೆ ಇಡಬೇಕಾದ ಹುಳಗಳು ಅದರಲ್ಲೇ ಬೀಳುತ್ತವೆ. ಆದರೆ ಒಬ್ಬರೇ ಇಟ್ಟರೆ ಇಡೀ ಬೈಲಿನ ಹುಳಕ್ಕೆ ಅವರ ಗದ್ದೆಯೇ ಜಾತ್ರೆ. ಎಲ್ಲರೂ ಒಟ್ಟಿಗೆ ಇಡಬೇಕು. ಇದನ್ನೆಲ್ಲ ಹೇಳುವ ನೋಟೀಸು ನಮ್ಮ ಕಡೆ ಬರುವುದು ಮಲಯಾಳದಲ್ಲಿ ಮಾತ್ರ, ಗದ್ದೆಗೆ ಇಳಿಯುವ ಹಿರಿಯರಲ್ಲಿ ಎಷ್ಟೋ ಮಂದಿಗೆ ಅದು ಓದಲು ಬರುವುದಿಲ್ಲ.

ಅದಕ್ಕೆ ನಿಮ್ಮಲ್ಲಿ ಒಂದು ಕೋರಿಕೆ. ಪಂಚಾಂಗದ ಅಂಕಣದಲ್ಲಿ ಹುಣ್ಣಿಮೆ ಯಾವಾಗ ಅಂತ ಹೇಗೂ ಹಾಕುತ್ತೀರಿ. ಏಣೆಲು, ಅದರ ನಂತರದ ಸುಗ್ಗಿ ಬೆಳೆ ಗದ್ದೆಯಲ್ಲಿರುವ ತಿಂಗಳುಗಳಲ್ಲಿ ‘ಗದ್ದೆಗೆ ದೀಪ ಇಡಿ’ ಅಂತ ಒಂದು ಸಾಲು ಅದರ ಜೊತೆಗೆ ಹಾಕಿ, ಐದು ದಿನ ಮುಂಚಿತವಾಗಿ.

– ಒಬ್ಬ ಗದ್ದೆ ಬೇಸಾಯಗಾರ, ಬದಿಯಡ್ಕ