ಪಕ್ಷ ವಿಸರ್ಜಿಸಿದರೆ ಗುಂಪು ಹೋಗುತ್ತಾ?

ಸಂಪಾದಕರಿಗೆ ನಮಸ್ಕಾರ,

ಆನ್‌ಲೈನ್‌ನಲ್ಲಿ ಅಣಕು ಸರಕಾರ ನಡೆಸುವ ಹುಚ್ಚು ಈಗ ನಮ್ಮ ಶಿರಸಿ ಕಡೆಯ ಹುಡುಗರಿಗೂ ಹಿಡಿದಿದೆ. ಚುನಾವಣೆ, ಮಸೂದೆ, ಅವಿಶ್ವಾಸ ನಿರ್ಣಯ ಎಲ್ಲವೂ ಮೊಬೈಲಿನಲ್ಲೇ. ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್ ಮಾದರಿಯ ಇಂಥದೇ ಒಂದು ಸದನ ರೆಡಿಟ್ ಅನ್ನೋ ಚರ್ಚಾ ಜಾಲತಾಣದಲ್ಲಿ 2014ರಲ್ಲೇ ಶುರುವಾಗಿತ್ತು. ನನ್ನ ಅಣ್ಣನ ಮಗ ಇರುವ ಸದನ ಅದಕ್ಕಿಂತ ತುಂಬಾ ಚಿಕ್ಕದು. ಅಲ್ಲಿ ಎರಡು ದೊಡ್ಡ ಪಕ್ಷಗಳೇ ಹೆಚ್ಚುಕಡಿಮೆ ಎಲ್ಲ ಸೀಟು ಹಿಡಿದು ಕೂತಿವೆಯಂತೆ, ಹೊಸಬರು ತಂದ ಮಸೂದೆ ಚರ್ಚೆಗೇ ಬರುವುದಿಲ್ಲವಂತೆ. ಅದಕ್ಕೆ ಈಗ ಅಡ್ಮಿನ್‌ಗಳು ಎರಡೂ ಪಕ್ಷಗಳನ್ನು ವಿಸರ್ಜನೆ ಮಾಡುವ ಠರಾವು ತಂದಿದ್ದಾರೆ. 'ಚಿಕ್ಕಪ್ಪ, ನೀವೇನಂತೀರಿ' ಅಂದ. ಬೇಡ ಅಂದೆ. ಯಾಕೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಗ್ರಾಮ ಪಂಚಾಯ್ತಿ ಚುನಾವಣೆಯನ್ನೇ ನೋಡಿ. ಕಾಯ್ದೆ ಪ್ರಕಾರ ಅಲ್ಲಿ ಪಕ್ಷದ ಚಿಹ್ನೆ ಇಲ್ಲ, ಯಾರಿಗೋ ಆಟೋ ಸಿಗುತ್ತದೆ, ಯಾರಿಗೋ ಗ್ಯಾಸ್ ಸಿಲಿಂಡರ್. ಆದರೆ ಫಲಿತಾಂಶದ ಮರುದಿನ ನಿಮ್ಮದೇ ಪತ್ರಿಕೆಯಲ್ಲಿ ಏನು ಬರುತ್ತದೆ? ಇಂಥ ಪಕ್ಷದ 'ಬೆಂಬಲಿತರು' ಇಷ್ಟು, ಅಂಥ ಪಕ್ಷದ 'ಬೆಂಬಲಿತರು' ಅಷ್ಟು! ಊರಲ್ಲಿ ಯಾರು ಯಾರ ಕಡೆ ಅನ್ನೋದು ಚಿಕ್ಕ ಮಕ್ಕಳಿಗೂ ಗೊತ್ತು. ಅಡಿಕೆ ಸೊಸೈಟಿಗಳ ಚುನಾವಣೆಯಲ್ಲೂ ಪಕ್ಷ ಇಲ್ಲ, ಪ್ಯಾನೆಲ್ ಇದೆ.

ಆನ್‌ಲೈನ್‌ನಲ್ಲಿ ಇದು ಇನ್ನೂ ಸುಲಭ. ಪಕ್ಷದ ಹೆಸರು ಇವತ್ತು ಅಳಿಸಿದರೆ ರಾತ್ರಿಯೊಳಗೆ ಅದೇ ಜನ ಒಂದು ಖಾಸಗಿ ಡಿಸ್ಕಾರ್ಡ್ ಗುಂಪಿನಲ್ಲಿ ಕೂತಿರುತ್ತಾರೆ. ಮೊದಲು ವಿಪ್, ಅಂದರೆ ಹೀಗೇ ಮತ ಹಾಕಿ ಅನ್ನೋ ಪಕ್ಷದ ಆದೇಶ, ಬಹಿರಂಗವಾಗಿತ್ತು, ಯಾರು ಯಾಕೆ ಹಾಗೆ ಮತ ಹಾಕಿದರು ಅಂತ ಕೇಳಬಹುದಿತ್ತು. ಈಗ ಎಲ್ಲರೂ ಪಕ್ಷೇತರರು, ಎಲ್ಲರೂ 'ಆತ್ಮಸಾಕ್ಷಿ'ಯ ಮತ, ಆದರೂ ಮತ ಬೀಳೋದು ಮಾತ್ರ ಮೊದಲಿನ ಹಾಗೇ.

1977ರಲ್ಲಿ ಜನಸಂಘ, ಭಾರತೀಯ ಲೋಕದಳ, ಸಂಸ್ಥಾ ಕಾಂಗ್ರೆಸ್, ಸಮಾಜವಾದಿ ಪಕ್ಷಗಳು ತಮ್ಮನ್ನು ತಾವೇ ವಿಸರ್ಜಿಸಿಕೊಂಡು ಜನತಾ ಪಕ್ಷ ಆದವು. ಬೋರ್ಡು ಒಂದಾಯಿತು. ಒಳಗಿನ ಬಣಗಳು ಹೋಗಲಿಲ್ಲ. ಕಡೆಗೆ ಜನತಾ ಪಕ್ಷದಲ್ಲಿದ್ದವರು ಆರೆಸ್ಸೆಸ್‌ನಲ್ಲೂ ಇರಬಹುದೇ ಅನ್ನೋ ಉಭಯ ಸದಸ್ಯತ್ವದ ಜಗಳ ಎದ್ದು, 1980ರ ಹೊತ್ತಿಗೆ ಎಲ್ಲ ಚೆಲ್ಲಾಪಿಲ್ಲಿ. ಅನುಭವಿ ನಾಯಕರ ಕೈಲೇ ಆಗದ್ದು ಈ ಹುಡುಗರ ಕೈಲಿ ಆಗುತ್ತಾ?

ಪಕ್ಷ ಇಲ್ಲದೆ ಗೆಲ್ಲೋಕೆ ಆಗಲ್ಲ ಅಂತ ನಾನು ಹೇಳುತ್ತಿಲ್ಲ. ನಮ್ಮ ಜಿಲ್ಲೆಯಿಂದಲೇ 1967ರಲ್ಲಿ ದಿನಕರ ದೇಸಾಯಿಯವರು ಪಕ್ಷೇತರರಾಗಿ ಲೋಕಸಭೆಗೆ ಹೋದರು. ಆದರೆ ಅವರು ಊರೂರಿಗೆ ಶಾಲೆ ಕಟ್ಟಿಸಿದವರು, ಗೇಣಿ ರೈತರ ಪರ ಹೋರಾಡಿದವರು, ಜನಕ್ಕೆ ಗುರುತು ಬೇಕಿರಲಿಲ್ಲ. ಅದೇ 1989ರಲ್ಲಿ ಶಿವರಾಮ ಕಾರಂತರಂಥ ಕಾರಂತರೇ ಇಲ್ಲಿ ಪಕ್ಷೇತರರಾಗಿ ನಿಂತು ಸೋತರು. ಅವರ ಸ್ಥಿತಿಯೇ ಹೀಗಾದರೆ, ನಿನ್ನೆ ಖಾತೆ ತೆರೆದು ಯಾವುದೋ ಅಡ್ಡಹೆಸರಲ್ಲಿ ಬಂದ ಹುಡುಗನಿಗೆ ಯಾರು ಮತ ಹಾಕುತ್ತಾರೆ? ಹಳಬರಿಗೇ ಬೀಳುತ್ತದೆ. ಹೊಸಬನಿಗೆ ಮಸೂದೆ ಬರೆಯೋದು ಹೇಗೆ, ಸದನದಲ್ಲಿ ಯಾವಾಗ ಎದ್ದು ಮಾತಾಡಬೇಕು ಅಂತ ಕಲಿಸೋದೂ ಪಕ್ಷದವರೇ ಅಲ್ವಾ? ಅದು ಹೋದರೆ ಅವನು ಒಂದು ವಾರ ನೋಡಿ ಆಟ ಬಿಟ್ಟು ಹೋಗುತ್ತಾನೆ.

ಕೆನಡಾದ ನುನಾವುಟ್ ಪ್ರದೇಶದ ಶಾಸನಸಭೆಯಲ್ಲಿ ಪಕ್ಷಗಳೇ ಇಲ್ಲ, ಸದನ ಚೆನ್ನಾಗಿಯೇ ನಡೆದಿದೆ ಅಂತ ಅಣ್ಣನ ಮಗ ವಾದ ಮಾಡಿದ. ಹೌದು, 22 ಸದಸ್ಯರು ತಮ್ಮಲ್ಲೇ ಒಬ್ಬರನ್ನು ಮುಖ್ಯಸ್ಥರನ್ನಾಗಿ ಆರಿಸುತ್ತಾರೆ. ಒಳ್ಳೆಯ ಮಾತೇ. ಆದರೆ ಅಲ್ಲಿ ಸದಸ್ಯರು ವಾಪಸ್ ಊರಿಗೆ ಹೋದರೆ ಮತದಾರ ಎದುರಿಗೇ ನಿಂತು ಕೇಳುತ್ತಾನೆ. ಇಲ್ಲಿ ಖಾತೆ ಅಳಿಸಿದರೆ ಮುಗಿಯಿತು.

ರೋಗ ಇರೋದು ಚುನಾವಣೆಯ ನಿಯಮದಲ್ಲಿ. ಒಂದು ಕ್ಷೇತ್ರಕ್ಕೆ ಒಂದೇ ಸೀಟು, ಜಾಸ್ತಿ ಮತ ಬಂದವನು ಗೆದ್ದ ಅಂತ ಇಟ್ಟುಕೊಂಡರೆ ಸಣ್ಣವರು ಒಣಗಿ ಹೋಗುತ್ತಾರೆ, ದೊಡ್ಡವೆರಡೇ ಉಳಿಯುತ್ತವೆ. ಮತದ ಪ್ರಮಾಣಕ್ಕೆ ತಕ್ಕಂತೆ ಸೀಟು ಕೊಡಿ. 20 ಸೀಟಿನ ಸದನದಲ್ಲಿ ಶೇ 10 ಮತ ಬಂದವರಿಗೆ 2 ಸೀಟು. ವಾರಕ್ಕೊಂದು ದಿನ ಹೊಸಬರ ಮಸೂದೆಗೇ ಮೀಸಲಿಡಿ. ಒಬ್ಬನೇ ವರ್ಷಗಟ್ಟಲೆ ಪಕ್ಷದ ನಾಯಕನಾಗಿ ಕೂರದ ಹಾಗೆ ಅವಧಿ ಹಾಕಿ. ಇದಕ್ಕೆಲ್ಲ ಯಾವ ಪಕ್ಷವನ್ನೂ ಮುಚ್ಚಬೇಕಿಲ್ಲ.

ಇಷ್ಟು ಹೇಳಿದ ಮೇಲೂ ವಿಸರ್ಜಿಸಿಯೇ ಸಿದ್ಧ ಅಂದರೆ, ಎರಡು ಅವಧಿಗೆ ಮಾತ್ರ ಅಂತ ಠರಾವಿನಲ್ಲೇ ಬರೆಯಲಿ. ಹೊಸಬರ ಎಷ್ಟು ಮಸೂದೆ ಚರ್ಚೆಗೆ ಬಂತು, ಎಷ್ಟು ಜನ ಮತ ಹಾಕದೆ ಸುಮ್ನೆ ಕೂತರು, ಈ ಲೆಕ್ಕ ಈಗಲೇ ತೆಗೆದಿಟ್ಟು ಆಮೇಲೆ ಹೋಲಿಸಿ ನೋಡಲಿ. ಸುಧಾರಿಸಿದ್ದರೆ ನಿಮ್ಮ ಪತ್ರಿಕೆಗೆ ನಾನೇ ಇನ್ನೊಂದು ಪತ್ರ ಬರೆಯುತ್ತೇನೆ.

– ಒಬ್ಬ ಓದುಗ, ಶಿರಸಿ